ಹದಿನೈದು ಡಿಗ್ರಿ

ನಮ್ಮ ಭಾವನಿಗೆ, ಅಂದರೆ ಅಕ್ಕನ ಗಂಡನಿಗೆ, ಗೊಬ್ಬರದ ಕಾರ್ಖಾನೆಯಲ್ಲಿ ಇಟ್ಟಿದ್ದ ಅಡ್ಡಹೆಸರು ‘ತಾಳಪ್ಪ’. ಸಾರಜನಕವೂ ಜಲಜನಕವೂ ಸೇರಿ ಅಮೋನಿಯ ಆಗುವ ಉಕ್ಕಿನ ಗೋಪುರಕ್ಕೆ ಅವರು ಆಪರೇಟರ್. ಉತ್ಪಾದನೆ ತುಸು ಇಳಿದರೆ ಸಾಕು, ಹೊಸಬರು ಶಾಖ ಏರಿಸಲು ಓಡಿಬರುತ್ತಿದ್ದರು. ಭಾವ ಕೈ ಅಡ್ಡ ಹಿಡಿಯುತ್ತಿದ್ದರು.

“ತಾಳಪ್ಪ, ತಾಳು! ಅವೆರಡೂ ಸೇರುವಾಗ್ಲೇ ಬಿಸಿ ಹೊರಗೆ ಬರುತ್ತೆ. ಮೇಲೆ ನೀನೂ ಬಿಸಿ ಕೊಟ್ರೆ, ಆಗಿರೋ ಅಮೋನಿಯನೇ ವಾಪಸ್ ಒಡೆದು ಹೋಗುತ್ತೆ.”

“ಹಾಗಾದ್ರೆ ತಣ್ಣಗೇ ಇಡೋಣ ಸಾರ್.”

“ಇಡು. ನಿನ್ನ ಮೊಮ್ಮಕ್ಕಳ ಕಾಲಕ್ಕೆ ಸೇರುತ್ತೆ.”

ಇವೆರಡರ ನಡುವೆ ಸರಿಯಾದ ಅಂಕಿ ಹುಡುಕಿ ಅಲ್ಲೇ ನಿಲ್ಲಿಸುವುದು, ಮೂವತ್ತೊಂದು ವರ್ಷ ಅವರು ಮಾಡಿದ ಕೆಲಸ ಅಷ್ಟೇ. ಅದೇನು ಸಣ್ಣ ಕೆಲಸವಲ್ಲ.

ಗೋಪುರದೊಳಗೆ ಕಬ್ಬಿಣದ ಹರಳುಗಳಿರುತ್ತವೆ. ಅನಿಲಗಳು ಬೇಗ ಸೇರುವುದು ಅವುಗಳಿಂದಲೇ. ಹಳತಾದಂತೆ ಅವಕ್ಕೆ ಹೆಚ್ಚು ಶಾಖ ಬೇಕು. ಶಾಖ ಹೆಚ್ಚಾದರೋ, ಆದದ್ದೇ ಒಡೆಯುತ್ತದೆ. ನಮ್ಮವು ಹದಿನಾಲ್ಕು ವರ್ಷ ಹಳೆಯವು. ಹೊಸದು ತರಿಸಿ ಎಂದು ಭಾವ ಐದು ಸಲ ಬರೆದುಕೊಟ್ಟರು. ಆಡಳಿತದ ಮಹಾನುಭಾವರು ಕಿವಿಗೇ ಹಾಕಿಕೊಳ್ಳಲಿಲ್ಲ. ಬದಲಿಗೆ ನೋಟಿಸ್ ಅಂಟಿಸಿದರು: ಮೂರು ದಿನ ಪರೀಕ್ಷೆ, ಒಂದು ದಿನವಾದರೂ ನೂರು ಟನ್ ಬರಬೇಕು, ಇಲ್ಲದಿದ್ದರೆ ಘಟಕಕ್ಕೆ ಬೀಗ. ಇನ್ನೂರು ಮನೆಯ ಅನ್ನದ ಪ್ರಶ್ನೆ. ಪಂಪು ರಿಪೇರಿ ಮಾಡುವ ನನ್ನ ಮನೆಯದೂ ಅದರಲ್ಲಿತ್ತು.

ಮೊದಲ ದಿನ ತೊಂಬತ್ತಮೂರು ಬಂತು, ಎರಡನೆಯ ದಿನ ತೊಂಬತ್ತನಾಲ್ಕು. ಮೂರನೆಯ ದಿನ ಬೆಳಿಗ್ಗೆಯಿಂದಲೇ ಕಂಟ್ರೋಲ್ ರೂಮಿನಲ್ಲಿ ನಿಲ್ಲಲು ಜಾಗವಿರಲಿಲ್ಲ. ಹನ್ನೊಂದು ಗಂಟೆಗೆ ಭಾವ ಎದ್ದರು, ತಣ್ಣನೆಯ ಅನಿಲ ಒಳಗೆ ಬಿಡುವ ವಾಲ್ವನ್ನು ಕಿರಿದು ಮಾಡಿ, ಹದಿನೈದು ಡಿಗ್ರಿ ಏರಿಸಿದರು. ಯಾರೂ ಹಾಗೆ ಮಾಡಿ ಎಂದಿರಲಿಲ್ಲ. ಅರ್ಧ ಗಂಟೆ ಉತ್ಪಾದನೆ ಏರಿತು. ಎಲ್ಲರೂ ಚಪ್ಪಾಳೆ ತಟ್ಟಿದರು, ಭಾವ ತಟ್ಟಲಿಲ್ಲ. ಆಮೇಲೆ ಇಳಿಯತೊಡಗಿತು. ವಾಲ್ವು ಮತ್ತೆ ತೆರೆದರು. ಆದರೆ ಅಷ್ಟು ದೊಡ್ಡ ಗೋಪುರ ಆರುವುದು ಅಷ್ಟು ಬೇಗವೇ? ದಿನದ ಕೊನೆಗೆ ಎಂಬತ್ತಾರು.

ಬೀಗ ಬಿತ್ತು. ಗೇಟಿನ ಕಾಗದದಲ್ಲಿ ‘ಆಪರೇಟರ್ ತಪ್ಪಿನಿಂದ’ ಎಂದು ಬರೆದಿದ್ದರು. ಅದನ್ನು ಓದಿ ನನಗೆ ಮೈಯೆಲ್ಲ ಉರಿಯಿತು. ಬೀದಿಯವರು ಅಕ್ಕನ ಜೊತೆ ಮಾತು ಬಿಟ್ಟರು.

“ಭಾವ, ಮುಟ್ಟದೇ ಇದ್ದಿದ್ರೂ ತೊಂಬತ್ತನಾಲ್ಕೇ ಬರ್ತಿತ್ತು. ಹೇಗೂ ಮುಚ್ಚೋರೇ” ಎಂದೆ.

“ಗೊತ್ತು.”

“ಗೊತ್ತಿದ್ದೂ ಯಾಕೆ ಮುಟ್ಟಿದ್ರಿ?”

“ಎಲ್ರೂ ನನ್ನ ಮುಖಾನೇ ನೋಡ್ತಿದ್ರಿ ಕಣೋ. ಸುಮ್ನೆ ಕೂರೋಕೆ ಆಗ್ಲಿಲ್ಲ.”

ಆ ದಿನ ಎಲ್ಲರಿಗಿಂತ ಮುಂದೆ, ಅವರ ಕುರ್ಚಿಗೆ ಆತುಕೊಂಡು ನಿಂತಿದ್ದವನು ನಾನೇ.