ದೋಣಿಯ ಹಲಗೆ ತಿಂದ ಪೈಪು

ಹಾರವಾಡದ ನಮ್ಮ ಮನೆಯಲ್ಲಿ ಬಚ್ಚಲ ಒಲೆಯ ಹೊಗೆ ಹೋಗಲೆಂದು ಹಾಕಿಸಿದ್ದ ಸ್ಟೀಲ್ ಪೈಪು ಎರಡನೇ ಮಳೆಗಾಲಕ್ಕೇ ತೂತುಬಿತ್ತು. ಅಪ್ಪ ಕೆಮ್ಮುತ್ತ ಹೊರಬಂದವನೇ ಪೈಪು ಮಾಡಿಕೊಟ್ಟ ವೆಲ್ಡರನಿಗೆ ಬೈಯತೊಡಗಿದ.

"ಸ್ಟೀಲ್ ಅಂದೇಳಿ ಡಬ್ಬಿ ತಗಡು ಹಾಕ್ಕೊಟ್ಟ. ನನ್ನ ಅನ್ನ ಉಂಡವ ಅಂವ!"

ವೆಲ್ಡರ್ ಅಂಕೋಲೆಯಲ್ಲಿ ಅಂಗಡಿ ಇಡುವ ಮೊದಲು ಅಪ್ಪನ ದೋಣಿಯಲ್ಲೇ ಬಲೆ ಎಳೆದವನು. ಅಪ್ಪನಿಗೆ ಮಗನಂತೆ ಇದ್ದ. ಸಿಟ್ಟು ಅಷ್ಟು ಏರಿದ್ದೂ ಅದಕ್ಕೇ. ಅವನು ಮನೆಗೆ ಬಂದರೆ ಅಪ್ಪ ಮುಖ ತಿರುಗಿಸುತ್ತಿದ್ದ, ಆಮೇಲೆ ಸರಿಯಾಗಿ ಉಣ್ಣುತ್ತಲೂ ಇರಲಿಲ್ಲ. ಮಗಳಾದ ನನಗೆ ಇಬ್ಬರನ್ನು ನೋಡಿಯೂ ಸಂಕಟ.

ಆಗ ನಾನು ಕಾರವಾರದ ಹತ್ತಿರ ಒಂದು ಕಾರ್ಖಾನೆಯ ಪ್ರಯೋಗಾಲಯದಲ್ಲಿದ್ದೆ. ಬಿಸಿ ಕ್ಲೋರಿನ್ ಸ್ಟೀಲನ್ನು ಏನು ಮಾಡುತ್ತದೆ ಎಂದು ನೋಡುವುದೇ ನನ್ನ ಸಂಬಳದ ಕೆಲಸ. ರಜೆಯಲ್ಲಿ ಪೈಪು ಬಿಚ್ಚಿಸಿದೆ. ಮಳೆಗೆ ನೆನೆಯುವ ಮೇಲಿನ ತುದಿ ಹೊಸದರಂತಿತ್ತು. ಬೆಂಕಿಯ ಹತ್ತಿರದ ಭಾಗ ಮಾತ್ರ ಪದರು ಪದರಾಗಿ ಕಿತ್ತು ಬರುತ್ತಿತ್ತು. ತಗಡೇ ಕೆಟ್ಟದ್ದಾಗಿದ್ದರೆ ಮೇಲಿನದೂ ಉಳಿಯುತ್ತಿರಲಿಲ್ಲ. ಹಾಗಾದರೆ ಒಲೆಗೆ ಏನು ಹಾಕುತ್ತಿದ್ದೇವೆ?

ದೋಣಿ. ಮೊಣಕಾಲು ಸೋತ ಮೇಲೆ ಅಪ್ಪ ಅದನ್ನು ಒಡೆಸಿ, ಹಲಗೆಗಳನ್ನು ಯಾರಿಗೂ ಕೊಡದೆ ತಾನೇ ಬಚ್ಚಲ ಒಲೆಗೆ ಹಾಕುತ್ತಿದ್ದ. ಸಮುದ್ರದ ಉಪ್ಪು ಕುಡಿದ ಮರ ಸುಟ್ಟರೆ ಹೊಗೆಯಲ್ಲಿ ಕ್ಲೋರಿನ್ ಬರುತ್ತದೆ. ಕಾವು ಜೋರಿದ್ದಲ್ಲಿ ಅದು ಸ್ಟೀಲನ್ನು ಕಾಯುವ ತೆಳುಪೊರೆಯ ಸಂದಿನಿಂದ ನುಗ್ಗಿ ಒಳಗಿನ ಕಬ್ಬಿಣವನ್ನು ತಿನ್ನುತ್ತದೆ.

ಕಲಿತವರಿಗೆ ಬಾಯಿ ಸುಮ್ಮನಿರುವುದಿಲ್ಲ. "ಎತ್ತಿಗೆ ಜ್ವರ ಬಂದ್ರೆ ಎಮ್ಮೆಗೆ ಬರೆ ಹಾಕ್ದಾಂಗಾಯ್ತು ಅಪ್ಪಾ. ತಪ್ಪು ಅವಂದಲ್ಲ, ಹಲಗೇಲಿರೋ ಉಪ್ಪಿಂದು," ಅಂದೆ.

ಅಪ್ಪ ಒಲೆಯ ಬದಿಗೆ ಒಟ್ಟಿದ್ದ ಹಲಗೆಗಳತ್ತ ನೋಡಿದ. "ಹಂಗಾರೆ ಅದ್ನ ಇನ್ನು ಸುಡೂಕಾಗೂದಿಲ್ವಾ ತಂಗೀ?" ಎಂದು ಕೇಳಿದ. ಹೇಳಬಾರದಿತ್ತು ಅನ್ನಿಸಿತು.

ಮರುದಿನ ನನ್ನನ್ನೂ ಕರೆದುಕೊಂಡು ಅಂಕೋಲೆಗೆ ಹೋದ. ಕ್ಷಮೆ ಕೇಳುವ ಜಾಯಮಾನವಲ್ಲ ಅವನದು.

"ಪೈಪ್ ತಿಂದದ್ದು ನಮ್ ದೋಣಿನೇ ಅಂತೆ ಮಾರಾಯಾ. ಉಳಿದ ಹಲಗೆ ಯಾರಿಗಾದ್ರೂ ಕೊಟ್ಬಿಡ್ತೆ. ಹೊಸಾದೊಂದು ಮಾಡ್ಕೊಡು."

ವೆಲ್ಡರ್ ಯಂತ್ರ ಆರಿಸಿ, ಕಪ್ಪು ಕನ್ನಡಕ ತೆಗೆದ. "ಕೊಡ್ಬೇಡಿ ಕಾಕಾ. ಮುಗಿಯೋ ತನಕ ನೀವೇ ಸುಡಿ. ತೂತು ಬಿದ್ದಾಗೆಲ್ಲ ಪೈಪ್ ನಾ ಮಾಡ್ಕೊಡ್ತೆ."

ಅಪ್ಪ ಅಲ್ಲಿದ್ದ ಬೆಂಚಿನ ಮೇಲೆ ಕೂತು, ಹೆಗಲ ಮೇಲಿನ ಪಂಜಿ ಬಟ್ಟೆಯಿಂದ ಮುಖ ಒರೆಸಿಕೊಂಡ.

"ಹಂಗಾರೆ ರವಿವಾರ ಬಾ. ಆ ಹಲಗೆ ಉರಿಸಿ ಕಾಸಿದ ನೀರಲ್ಲಿ ನೀನೂ ಮೀಯಿ. ದೋಣಿ ನಿಂದೂ ಹೌದಲ್ಲ," ಅಂದ.