ಮೂರು ಸಲ ನೀರು

ನಾನು ಚಿಕ್ಕವಳಿದ್ದಾಗ, ಬೇಸಿಗೆ ಬಂತೆಂದರೆ ಕೊಟ್ಟೂರು ಸಮೀಪದ ನಮ್ಮೂರ ಓಣಿಯಲ್ಲಿ ಕಲಾಯಿಗೆ ಬಳಸುವ ನವಸಾಗರದ ಹೊಗೆ ಮೂಗಿಗೆ ಅಡರುತ್ತಿತ್ತು. ಹುಸೇನ್ ಕಾಕಾ ಬೇವಿನ ಗಿಡದ ಕೆಳಗೆ ತಿದಿ ಹೂಡಿ, ಎಲ್ಲರ ಮನೆಯ ಹಿತ್ತಾಳೆ ಪಾತ್ರೆಗಳಿಗೆ ಕಲಾಯಿ ಹಾಕುತ್ತಿದ್ದರು. ಕಪ್ಪಾದ ಪಾತ್ರೆಯೊಳಗೆ ತವರ ಸವರಿ ಅರಿವೆಯಿಂದ ತೀಡಿದರೆ ಬೆಳ್ಳಿಯಂತೆ ಹೊಳೆಯುತ್ತಿತ್ತು.

ಅವ್ವ ಕಾಕಾ ಕೊಟ್ಟ ಪಾತ್ರೆಗಳನ್ನು ಹೊಸ್ತಿಲ ಹೊರಗಿಟ್ಟು, ಮೂರು ಸಲ ನೀರು ಸುರಿದೇ ಒಳಗೆ ಒಯ್ಯುತ್ತಿದ್ದಳು. ಚಿಕ್ಕಮ್ಮನ ಮನೆಯಿಂದ ಬಂದ ಪಾತ್ರೆ ಸೀದಾ ಒಳಗೆ ಹೋಗುತ್ತಿತ್ತು. ಯಾಕೆಂದು ನಾನು ಕೇಳಲಿಲ್ಲ. ನೋಡಿ ಕಲಿತೆ.

ಕಾಕಾನ ಮಗಳು ಮಾಬುನ್ನಿ ನನ್ನ ತರಗತಿಯವಳು. ನಾವು ಆಡುವ ಗಜಗದ ಬೀಜಗಳು ಒಂದೇ ಚೀಲದಲ್ಲಿದ್ದವು. ರಂಜಾನ್ ಹಬ್ಬಕ್ಕೆ ಅವಳ ಮನೆಗೆ ಹೋದೆ. ಮಾಬುನ್ನಿಯ ಪಕ್ಕ ಕೂತ ನನ್ನ ಮುಂದೆ ಅವಳಮ್ಮ ಹೊಳೆಯುವ ಬಟ್ಟಲು, ನೀರಿನ ಚೊಂಬು ಇಟ್ಟು, ಹಾಲು-ಶ್ಯಾವಿಗೆಯ ಸುರಕುಂಬಾ ತರಲು ಒಳಗೆ ಹೋದರು. ಅವರು ಬರುವಷ್ಟರಲ್ಲಿ ನಾನು ಬಟ್ಟಲಿಗೆ ಮೂರು ಸಲ ನೀರು ಸುರಿದು ಅಂಗಳಕ್ಕೆ ಚೆಲ್ಲಿದ್ದೆ.

"ತೊಳದೇ ಇಟ್ಟೀನಲ್ಲವ್ವಾ. ಹೊಲಸೈತೇನು?"

"ಇಲ್ರಿ. ನಿಮ್ಮ ಕೈ ತಾಗಿದ್ದನ್ನ ನಮ್ಮವ್ವ ಹಿಂಗ ತೊಳಿತಾಳ."

ಅವರು ಸೌಟನ್ನು ಪಾತ್ರೆಯೊಳಗೇ ಬಿಟ್ಟರು. ಕಟ್ಟೆಯ ಮೇಲಿದ್ದ ಕಾಕಾ, "ಮನ್ಯಾಗ ಕಂಡಿದ್ದು ಮಾಡ್ತತಿ ಹುಡುಗಿ. ಹಾಕು, ಆರತತಿ" ಅಂದರು. ಮಾಬುನ್ನಿಯ ಅಮ್ಮ ಬಟ್ಟಲು ತುಂಬಿ ಹಾಕಿದರು. ಏಲಕ್ಕಿ, ಖರ್ಜೂರದ ಘಮ. ಅಷ್ಟನ್ನೂ ತಿಂದೆ.

ಮರುದಿನ ಶಾಲೆಯಲ್ಲಿ ಮಾಬುನ್ನಿ ಗಜಗಗಳನ್ನು ಅರ್ಧ ಮಾಡಿ ನನ್ನ ಮುಂದಿಟ್ಟಳು.

"ಇವಕ್ಕೂ ನನ್ನ ಕೈ ತಾಗೇತಿ. ತೊಳಕೊಂಡು ಆಡು."

ಆಗ ನನಗೆ ತಿಳಿಯಿತು. ನನ್ನ ಪಾಲಿನ ಗಜಗಗಳನ್ನು ಲಂಗದ ಮಡಿಲಿಗೆ ತುಂಬಿಕೊಂಡೆ. ಅವಳು ಮತ್ತೆಂದೂ ನನ್ನ ಪಕ್ಕ ಕೂರಲಿಲ್ಲ.

ಮುಂದಿನ ಬೇಸಿಗೆಯಲ್ಲಿ ಕಾಕಾ ನಮ್ಮ ಪಾತ್ರೆಗಳಿಗೆ ತಾವೇ ಮೂರು ಸಲ ನೀರು ಸುರಿದು ಕೊಟ್ಟರು. "ಭಾಳ ಚೊಕ್ಕ ಮನುಷ್ಯಾ" ಎಂದು ಅವ್ವ ಮೆಚ್ಚಿದಳು. ಮೆಚ್ಚುತ್ತಲೇ ಇನ್ನೊಮ್ಮೆ ತೊಳೆದಳು. ಬಾಗಿಲ ಮರೆಯಲ್ಲಿದ್ದ ನಾನು ಕಾಕಾನ ಮುಖ ನೋಡಲಿಲ್ಲ.

ಈಗ ಕಲಾಯಿಯೂ ಇಲ್ಲ, ಹಿತ್ತಾಳೆ ಪಾತ್ರೆಗಳೂ ಇಲ್ಲ. ಮಾಬುನ್ನಿ ಎಲ್ಲಿದ್ದಾಳೋ ಗೊತ್ತಿಲ್ಲ. ಮೊಮ್ಮಕ್ಕಳೇ, ಇದನ್ನೆಲ್ಲ ಈಗ ಬರೆಯುತ್ತಿರುವುದಕ್ಕೆ ಕಾರಣವಿದೆ. ಮೊನ್ನೆ ಬಚ್ಚಲು ತೊಳೆಯುವ ಮಂಗಳಮ್ಮ ನೀರು ಕೇಳಿದಾಗ, ನಿಮ್ಮಲ್ಲಿ ಚಿಕ್ಕವಳು ಓಡಿಹೋಗಿ ಕಿಟಕಿಯಲ್ಲಿದ್ದ ಬೇರೆ ಲೋಟವನ್ನೇ ತಂದಳು. ಯಾರೂ ಅವಳಿಗೆ ಹೇಳಿರಲಿಲ್ಲ.

ಆ ಲೋಟವನ್ನು ಅಲ್ಲಿ ಇಟ್ಟವಳು ನಾನು.