ಕಾಡುನಾಯಿ ತೋರಿಸುತ್ತಿದ್ದ ಕೆಲಪಿಲೆ

ಒಡಹುಟ್ಟಿದ ಅಕ್ಕನ ಮಣ್ಣಿಗೆ ಬಾರದೆ ನಾಯಿಮರಿ ನೋಡುತ್ತ ಕೂತಿದ್ದ ಮನುಷ್ಯ! ಶೊರೋಬೆ ಊರಿನಲ್ಲಿ ಕೆಲಪಿಲೆಯ ಬಗ್ಗೆ ಯಾರನ್ನೇ ಕೇಳಿ, ಮೊದಲು ಸಿಗುವುದು ಇದೇ ಮಾತು. ಮಾತೇನೋ ಸುಳ್ಳಲ್ಲ. ಆದರೆ ಊರಿನ ಬಾಯಿ ಯಾವತ್ತು ತಾನೇ ಪೂರ್ತಿ ಕಥೆ ಹೇಳಿದೆ? ಅರ್ಧ ಹೇಳಿ ಉಳಿದರ್ಧವನ್ನು ಚಹಾದ ಜೊತೆ ನುಂಗಿಬಿಡುತ್ತದೆ. ಪೂರ್ತಿ ಹೇಳಿದರೆ ಅವನ ತಪ್ಪು ಕಡಿಮೆಯಾಗಿಬಿಡುತ್ತದೆ ಅಂತಲೂ ಅಲ್ಲ. ಆದರೂ ಹೇಳಬೇಕು.

ಅಪ್ಪ ಅಮ್ಮ ಬೇಗ ಹೋದರು. ಕೆಲಪಿಲೆಯನ್ನು ಬೆನ್ನಿಗೆ ಕಟ್ಟಿಕೊಂಡು ಬೆಳೆಸಿದವಳು ಅಕ್ಕ ಕೆಬೊನಂಗ್. ತಾಳೆಗರಿ ಸೀಳಿ ಬುಟ್ಟಿ ಹೆಣೆಯುತ್ತ, ಬೈಯುತ್ತ, ನಗುತ್ತ ಬೆಳೆಸಿದಳು. ಅವಳ ಬೈಗುಳ ಇಡೀ ಕೇರಿಗೆ ಕೇಳಿಸುತ್ತಿತ್ತು, ನಗುವೂ ಅಷ್ಟೇ. ಮುಂದೆ ಅವಳಿಗೆ ಬೊನೊಲೊ ಎಂಬ ಮಗಳು ಹುಟ್ಟಿದಳು. ಅಕ್ಕನಿಗೆ ಇವನೊಬ್ಬನೇ ತಮ್ಮ, ಬೊನೊಲೊಗೆ ಇವನೊಬ್ಬನೇ ಸೋದರಮಾವ. ಈ ಕಡೆ ಸೋದರಮಾವ ಬಂದು ಕೂರದೆ ಹುಡುಗಿಯ ಮದುವೆ ಮಾತು ಒಂದಡಿಯೂ ಮುಂದಕ್ಕೆ ಹೋಗುವುದಿಲ್ಲ.

ದೊಡ್ಡವನಾದ ಮೇಲೆ ಕೆಲಪಿಲೆ ನದಿ ಕವಲೊಡೆದು ಹರಡಿದ ಡೆಲ್ಟಾದ ಒಳಗೆ ಒಂದು ಸಫಾರಿ ಕ್ಯಾಂಪಿನಲ್ಲಿ ಗೈಡ್ ಆದ. ಸುತ್ತ ನೀರು, ಜೊಂಡು. ಚಿಕ್ಕ ವಿಮಾನವೊಂದೇ ದಾರಿ. ಪ್ರವಾಸಿಗಳು ಮಲಗುವ ಜಾಗವನ್ನು ಟೆಂಟ್ ಅನ್ನುತ್ತಾರೆ, ಒಳಗೆ ನೋಡಿದರೆ ಹಿತ್ತಾಳೆಯ ನಲ್ಲಿ, ಬಿಳಿ ಸ್ನಾನದ ತೊಟ್ಟಿ, ತೊಟ್ಟಿಯಲ್ಲಿ ಕಾಲು ಚಾಚಿಕೊಂಡೇ ಆನೆ ನೋಡುವ ಏರ್ಪಾಡು. ಇಂಥ ಟೆಂಟು ಯಾರಿಗೆ ಬೇಡ ಹೇಳಿ! ಅಲ್ಲಿ ಕೆಲಪಿಲೆಗೆ ಹೆಸರು ಬಂದದ್ದು ಕಾಡುನಾಯಿಗಳಿಂದ. ಮೈತುಂಬ ಕಪ್ಪು, ಬಿಳಿ, ಹಳದಿ ಬಣ್ಣ ಚೆಲ್ಲಿಕೊಂಡ, ಕೊಡೆಯಂಥ ಕಿವಿಯ ಆ ನಾಯಿಗಳು ಇವತ್ತು ಇಲ್ಲಿದ್ದರೆ ನಾಳೆ ಎಲ್ಲೋ. ಸಿಂಹ ಚಿರತೆ ನೋಡಿ ಸಾಕಾದವರು ಅವುಗಳಿಗಾಗಿಯೇ ಬರುತ್ತಿದ್ದರು. ಬಂದವರು ಮ್ಯಾನೇಜರ್ ಡಗ್ಲಸ್‌ಗೆ ಮೊದಲೇ ಹೇಳುತ್ತಿದ್ದರು, ನಮಗೆ ಕೆಲಪಿಲೆಯೇ ಬೇಕು, ಬೇರೆಯವರು ಬೇಡ ಅಂತ. ಈ ಮಾತು ಅವನಿಗೆ ಬಹಳ ಹಿಡಿಸುತ್ತಿತ್ತು. ರಜೆಗೆ ಊರಿಗೆ ಬಂದಾಗ ಅಕ್ಕನ ಮುಂದೆ ಅದನ್ನೇ ಕೊಚ್ಚಿಕೊಳ್ಳುತ್ತಿದ್ದ.

"ಸಮುದ್ರದಾಚೆಯಿಂದ ನನ್ನ ಹೆಸರು ಹೇಳ್ಕೊಂಡು ಬರ್ತಾರೆ ಕಣೇ ಅಕ್ಕ."

"ಬರ್ತಾರೆ ಬರ್ತಾರೆ. ಇಲ್ಲಿ ನಾನು ಗಂಟಲು ಹರ್ಕೊಂಡು ನಿನ್ನ ಹೆಸರು ಕೂಗಿದ್ರೆ ಮಾತ್ರ ನಿನಗೆ ಕಿವಿ ಕೇಳ್ಸಲ್ಲ. ಹೋಗು, ಮೇಕೆಗೆ ನೀರಿಡು."

ಆ ಚಳಿಗಾಲ ನಾಯಿಗಳು ಕ್ಯಾಂಪಿಗೆ ಹತ್ತಿರದಲ್ಲೇ ಒಂದು ಹಳೆಯ ಹುತ್ತದ ಬಿಲದಲ್ಲಿ ಮರಿ ಹಾಕಿದವು. ಪತ್ತೆ ಮಾಡಿದವನು ಕೆಲಪಿಲೆಯೇ. ಮರಿಗಳು ಇನ್ನೂ ಬಿಲದಿಂದ ಹೊರಗೆ ಬಂದಿರಲಿಲ್ಲ. ಅದೇ ಹೊತ್ತಿಗೆ ಜರ್ಮನಿಯಿಂದ ಇಂಗ್ರಿಡ್ ಎಂಬ ಮುದುಕಿ ಗಂಡನ ಜೊತೆ ಬಂದಳು. ಪ್ರತಿ ವರ್ಷ ಬರುವವಳು, ಕಾಡುನಾಯಿಯ ಮರಿ ಮಾತ್ರ ಅವಳ ಕಣ್ಣಿಗೆ ಬಿದ್ದಿರಲಿಲ್ಲ. ಇದು ಕೊನೆಯ ಸಲ, ಮಂಡಿ ಹೋಗಿದೆ, ಮುಂದಿನ ವರ್ಷ ಬರಲಾರೆ ಅಂದಳು. ಕೆಲಪಿಲೆ ಎದೆ ಮುಟ್ಟಿಕೊಂಡು ಮಾತು ಕೊಟ್ಟ: ತೋರಿಸಿಯೇ ಕಳಿಸುತ್ತೇನೆ.

ಮಾತು ಕೊಟ್ಟ ಮರುದಿನ, ಸೋಮವಾರ, ಬೆಳಗಿನ ರೇಡಿಯೋದಲ್ಲಿ ಊರಿನ ಸುದ್ದಿ ಬಂತು. ಕೈಗೊಂದು ಫೋನು ಬಂದಿರದ ಕಾಲ ಅದು. ಪೇಟೆಯ ಆಫೀಸಿನಿಂದ ಕ್ಯಾಂಪು ಕ್ಯಾಂಪಿಗೆ ಸುದ್ದಿ ಹೇಳುತ್ತಿದ್ದರು. ಒಬ್ಬರಿಗೆ ಹೇಳಿದ್ದು ಡೆಲ್ಟಾದ ಅಷ್ಟೂ ಜನರ ಕಿವಿಗೆ ಬೀಳುತ್ತಿತ್ತು.

"ಕೆಲಪಿಲೆ, ನಿಮ್ಮಕ್ಕನ ಮನೆಯಿಂದ ಹೇಳಿ ಕಳಿಸಿದ್ದಾರೆ," ಎಂದ ಡಗ್ಲಸ್. "ಮನೆಗೆ ಬಾ ಅಂತೆ. ನಾಳೆ ವಿಮಾನದಲ್ಲಿ ಒಂದು ಸೀಟು ಖಾಲಿ ಇದೆ. ಹೋಗ್ತೀಯಾ?"

"ಯಾಕಂತೆ?"

"ಬಾ ಅಂತಷ್ಟೇ. ಬೇರೇನೂ ಹೇಳಲಿಲ್ಲ."

ಇಲ್ಲಿಯ ಜನ ಕಾಯಿಲೆಯ ಸುದ್ದಿಯನ್ನಾಗಲಿ ಸಾವಿನ ಸುದ್ದಿಯನ್ನಾಗಲಿ ಗಾಳಿಗೆ ಬಿಡುವುದಿಲ್ಲ. ಮನೆಗೆ ಕರೆಸಿ, ಕೂರಿಸಿ, ಹಿರಿಯರೊಬ್ಬರು ಬಾಯಿಬಿಟ್ಟು ಹೇಳಬೇಕು. ಬಾ ಅಂದರೆ ಬರಬೇಕು. ಇದು ಕೆಲಪಿಲೆಗೆ ಗೊತ್ತಿರಲಿಲ್ಲ ಅನ್ನಬೇಡಿ, ಎದೆಹಾಲಿನ ಜೊತೆ ಬಂದ ತಿಳಿವಳಿಕೆ ಅದು. ಆದರೆ ಕೆಬೊನಂಗ್ ಈ ಮೊದಲು ಎರಡು ಸಲ ಹೀಗೇ ಕರೆಸಿದ್ದಳು. ಒಮ್ಮೆ ಎದ್ದುಬಿದ್ದು ಓಡಿ ಹೋದರೆ, ಮನೆಗೆ ಹುಲ್ಲು ಹೊದಿಸಬೇಕಿತ್ತು. ಇನ್ನೊಮ್ಮೆ ಪಕ್ಕದ ಮನೆಯವರ ಜೊತೆ ಮೇಕೆಯ ಜಗಳ. ಜೀವ ಕೈಯಲ್ಲಿ ಹಿಡಿದುಕೊಂಡು ಬಂದ ತಮ್ಮನನ್ನು ನೋಡಿ ಅವಳು ಬಿದ್ದು ಬಿದ್ದು ನಕ್ಕಿದ್ದಳು. ಈಗ ಬೊನೊಲೊಗೆ ಒಂದು ಗಂಡಿನ ಕಡೆಯವರು ಬರುವ ಮಾತು ನಡೆದಿತ್ತು. ಅದೇ ಇರಬೇಕು ಅಂದುಕೊಂಡ. ಅಂದುಕೊಳ್ಳುವುದು ಅವನಿಗೆ ಅನುಕೂಲವಾಗಿಯೂ ಇತ್ತು.

"ನಮ್ಮಕ್ಕಂದು ಇದು ಇದ್ದಿದ್ದೇ," ಎಂದು ನಕ್ಕ. "ಹುಡುಗಿ ಮದುವೆ ಮಾತು. ನಾಯಿಮರಿ ಇನ್ನೇನು ಹೊರಗೆ ಬರ್ತವೆ, ತೋರಿಸಿ ಭಾನುವಾರ ಬರ್ತೀನಿ ಅಂತ ಹೇಳಿಬಿಡಿ."

ಅಡುಗೆಮನೆಯ ಯಜಮಾನಿ ಮ್ಮಾ ಪೆಲೊನೊಮಿ ಇದನ್ನು ಕೇಳಿಸಿಕೊಂಡಳು. ವಯಸ್ಸಾದ ಹೆಂಗಸು, ಇಡೀ ಕ್ಯಾಂಪಿಗೆ ಅವಳು ಮ್ಮಾ, ಅಂದರೆ ತಾಯಿ. ಸೌಟು ಹಿಡಿದೇ ಆಚೆ ಬಂದಳು.

"ಮನೆಯಿಂದ ಕರೆ ಬಂದಿದೆ, ಇನ್ನೂ ಬೂಟು ಒರೆಸ್ತಾ ಕೂತಿದ್ದೀಯಲ್ಲೋ!"

"ಮದುವೆ ಮಾತು ಮ್ಮಾ. ಮಾವ ಇಲ್ದೆ ಅವರೇನು ಮಾಡ್ತಾರೆ? ಕಾಯ್ತಾರೆ ಬಿಡಿ."

"ಮದುವೆ ಅಂತ ನಿನಗೆ ಹೇಳಿದ್ಯಾರು?"

"ಬೇರೆ ಏನಿರುತ್ತೆ?"

ಅವಳು ಅವನ ಮುಖವನ್ನೇ ನೋಡಿದಳು. "ಬೇರೆ ಏನಿರುತ್ತೆ ಅಂತ ನನ್ನ ಬಾಯಲ್ಲಿ ಹೇಳಿಸ್ಬೇಡ. ಎದ್ದು ಹೋಗಪ್ಪ. ಆ ಮುದುಕಿಗೆ ನಾಯಿ ತೋರಿಸೋಕೆ ಇನ್ನೂ ಮೂರು ಜನ ಗೈಡ್ ಇದ್ದಾರೆ."

ತಪ್ಪಾಗಿದ್ದು ಇಲ್ಲೇ ನೋಡಿ. ಇನ್ನೂ ಮೂರು ಜನ ಇದ್ದಾರೆ ಅಂದದ್ದು ಅವನಿಗೆ ಚುಚ್ಚಿತು. ಆ ಮೂವರಲ್ಲಿ ಯಾರೋ ಒಬ್ಬ ತನ್ನ ಬಿಲದ ಮುಂದೆ ಜೀಪು ನಿಲ್ಲಿಸಿ, ತನ್ನ ಮರಿಗಳನ್ನು ತೋರಿಸಿ, ಇಂಗ್ರಿಡ್ ಅವನ ಕೈ ಹಿಡಿದು ಅಳುವುದನ್ನು ನೆನೆಸಿಕೊಳ್ಳಲು ಅವನಿಂದ ಆಗಲಿಲ್ಲ. ಮರುದಿನದ ವಿಮಾನ ಒಂದು ಸೀಟು ಖಾಲಿ ಇಟ್ಟುಕೊಂಡೇ ಹಾರಿಹೋಯಿತು.

ಗುರುವಾರ ಮತ್ತೆ ರೇಡಿಯೋ. ಈ ಸಲ ಹೇಳಿ ಕಳಿಸಿದ್ದು ದೊಡ್ಡಪ್ಪ ರಮೊಸು: ಹಿರಿಯರು ಕರೆಯುತ್ತಿದ್ದಾರೆ, ಮನೆಗೆ ಬಾ. ಹಿರಿಯರು ಎಂಬ ಮಾತಿಗೆ ಕೆಲಪಿಲೆ ಎದ್ದು ನಿಂತ. ಆದರೆ ಅವತ್ತು ಬೆಳಿಗ್ಗೆಯೇ ಬಿಲದ ಬಾಯಲ್ಲಿ ಒಂದು ಪುಟ್ಟ ಕಪ್ಪು ಮೂತಿ ಕಂಡು ಮಾಯವಾಗಿತ್ತು. ಗಂಡಿನ ಕಡೆಯವರು ಅವಸರ ಮಾಡುತ್ತಿರಬೇಕು, ದೊಡ್ಡಪ್ಪನಿಗೆ ರೇಗಿರಬೇಕು ಎಂದು ತನಗೆ ತಾನೇ ಸಮಾಧಾನ ಹೇಳಿಕೊಂಡ. ಯಾಕೆ ಎಂದು ತಿರುಗಿ ಕೇಳುವ ಹಾಗಿಲ್ಲ. ಕೇಳಿದರೂ ಆ ಕಡೆಯವರು ಹೇಳುವ ಹಾಗಿಲ್ಲ. "ಭಾನುವಾರ ಅಂತ ಆಗಲೇ ಹೇಳಿದ್ದೀನಲ್ಲ," ಎಂದು ಹೇಳಿ ಕಳಿಸಿದ.

ಶನಿವಾರ ಸೂರ್ಯ ಹುಟ್ಟುವ ಹೊತ್ತಿಗೆ ಮರಿಗಳು ಹೊರಗೆ ಬಂದವು. ಒಂದರ ಮೇಲೊಂದು ಉರುಳುತ್ತ, ತಾಯಿಯ ಬಾಲ ಕಚ್ಚುತ್ತ ಬಂದವು. ಬೇಟೆಗೆ ಹೋಗಿದ್ದ ನಾಯಿಗಳು ಹಿಂತಿರುಗಿ, ಬಿಲದ ಹತ್ತಿರವೇ ಉಳಿದಿದ್ದ ತಾಯಿಗೂ ಒಂದು ಕುಂಟ ನಾಯಿಗೂ ತಿಂದದ್ದನ್ನು ಕಕ್ಕಿ ಕೊಟ್ಟವು. "ಇವು ತಮ್ಮವರನ್ನ ಯಾರನ್ನೂ ಬಿಟ್ಟು ತಿನ್ನಲ್ಲ," ಎಂದು ಕೆಲಪಿಲೆ ಪಿಸುಮಾತಿನಲ್ಲಿ ವಿವರಿಸಿದ. ಹಾಗೆನ್ನುವಾಗ ಅವನ ನಾಲಿಗೆ ಒಂದು ಸಲವೂ ತಡವರಿಸಲಿಲ್ಲ. ಇಂಗ್ರಿಡ್ ಅವನ ಕೈ ಹಿಡಿದುಕೊಂಡು ಗಳಗಳ ಅತ್ತಳು. ಅದೇ ಬೆಳಕಿನಲ್ಲಿ ಶೊರೋಬೆಯಲ್ಲಿ ಜನ ಕೆಬೊನಂಗ್‌ಳ ಗುಂಡಿಗೆ ಮಣ್ಣು ಎಳೆಯುತ್ತಿದ್ದರು.

ಭಾನುವಾರ ಅವನು ಪೇಟೆಗೆ ಬಂದು ಇಳಿದು, ಊರಿನ ಪಿಕಪ್ ಹತ್ತಿದ. ಡ್ರೈವರ್ ಇವನನ್ನು ನೋಡಿದವನೇ ಹಾಡು ನಿಲ್ಲಿಸಿದ. ಕೆಲಪಿಲೆ ಮಾತಾಡಿಸಿದರೆ ಹೂಂ, ಉಹೂಂ, ಅಷ್ಟೇ. ಹೇಳುವ ಹಕ್ಕು ಅವನದ್ದಲ್ಲ, ಪಾಪ. ಇಳಿಯುವಾಗ ದುಡ್ಡನ್ನೂ ಮುಟ್ಟಲಿಲ್ಲ. ಮಾವನ ಮರ್ಯಾದೆ ಇರಬೇಕು ಅಂದುಕೊಂಡ ಕೆಲಪಿಲೆ!

ದೂರದಿಂದಲೇ ಅಕ್ಕನ ಅಂಗಳ ಕಂಡಿತು. ಹೆಂಗಸರು ಚೌಕಳಿ ಶಾಲು ಹೊದ್ದು ನೆಲದ ಮೇಲೆ ಸಾಲಾಗಿ ಕೂತಿದ್ದರು. ಗಂಡಸರು ಬೆಂಕಿಯ ಸುತ್ತ ಇದ್ದರು. ಮೂರು ಕಾಲಿನ ದೊಡ್ಡ ಹಂಡೆಗಳಲ್ಲಿ ಬೇಯಿಸಿ ಕುಟ್ಟಿದ ಮಾಂಸದ ವಾಸನೆ ಇನ್ನೂ ಇತ್ತು. ಮದುವೆ ಮಾತಿಗೂ ಇಲ್ಲಿ ಇದೇ ಶಾಲು, ಇದೇ ಬೆಂಕಿ, ಇದೇ ಮಾಂಸ. ಅವನ ಮನಸ್ಸು ಹಗುರಾಯಿತು. ಬೇಲಿಯ ಆಚೆಯಿಂದಲೇ ಕೂಗಿದ:

"ಏನ್ರಪ್ಪಾ, ಮಾವ ಬರೋದಕ್ಕೆ ಮುಂಚೆ ಮಾತು ಮುಗಿಸಿಬಿಟ್ರಾ? ಎತ್ತಿನ ತಲೆ ಮಾವನ ಪಾಲು, ನನ್ನದು, ಯಾವನಾದ್ರೂ ಮುಟ್ಟಿದ್ರೆ ನೋಡಿ! ಅಕ್ಕಾ, ಏ ಅಕ್ಕಾ! ಬಂದೆ ಕಣೇ, ಬೈಯೋದಿದ್ರೆ ಈಗಲೇ ಬೈದುಬಿಡು!"

ಹೆಂಗಸರು ಶಾಲು ಮುಖಕ್ಕೆ ಎಳೆದುಕೊಂಡರು. ದೊಡ್ಡಪ್ಪ ರಮೊಸು ಬೆಂಕಿಯ ಹತ್ತಿರದಿಂದ ಮೆಲ್ಲಗೆ ಎದ್ದು ಬಂದು, ಒಂದು ಕುರ್ಚಿ ಎಳೆದು ಹಾಕಿದ.

"ಕೂತ್ಕೋ."

ಕೂತ್ಕೋ ಅಂದ ಕೂಡಲೇ ಅವನಿಗೆ ಎಲ್ಲವೂ ಗೊತ್ತಾಗಿಹೋಯಿತು. ಕುರ್ಚಿಯಲ್ಲಿ ಕೂರಲಿಲ್ಲ. ನೆಲದ ಮೇಲೆ ಕೂತ.

"ಎದೆಯಲ್ಲಿ ಕಫ ಕಟ್ಟಿಕೊಂಡಿತ್ತು," ಎಂದ ದೊಡ್ಡಪ್ಪ. "ಬುಧವಾರ ಹೋದಳು. ನಿನ್ನೆ ಮಣ್ಣು ಮಾಡಿದ್ವಿ."

"ನನಗೆ... ದೊಡ್ಡಪ್ಪಾ, ನನಗೆ ಯಾಕೆ..."

"ಎರಡು ಸಲ ಕರೆದ್ವಿ ನಿನ್ನ. ಹಿರಿಯರು ಕರೀತಿದ್ದಾರೆ ಅಂದ್ರೆ ಏನು ಅಂತ ತೊಟ್ಟಿಲ ಕೂಸಿಗೂ ಗೊತ್ತು. ನೀನು ಭಾನುವಾರ ಅಂದೆ. ಗೊತ್ತಿದ್ದೇ ಅಂದೆ ಅಂದ್ಕೊಂಡ್ವಿ." ಮುದುಕ ಬೆಂಕಿಯ ಕಡೆ ತಿರುಗಿದ. "ಈಗ ಎತ್ತಿನ ತಲೆ ಕೇಳ್ತಾ ಬಂದ್ಯಲ್ಲೋ, ನಿನಗೆ ನಾನು ಏನು ಹೇಳ್ಲಿ?"

ಆ ಮೇಲೆ ಕೆಲಪಿಲೆ ಕ್ಯಾಂಪಿಗೆ ತಿರುಗಿ ಹೋಗಲಿಲ್ಲ. ಡಗ್ಲಸ್ ಹೇಳಿ ಕಳಿಸಿದ, ಇಂಗ್ರಿಡ್ ಮರಿಗಳ ಫೋಟೋ ಕಳಿಸಿದಳು; ಅದನ್ನು ಬಿಚ್ಚಿ ನೋಡಿದನೋ ಇಲ್ಲವೋ ಯಾರಿಗೂ ಗೊತ್ತಿಲ್ಲ. ಅಕ್ಕನ ಮೇಕೆಗಳನ್ನು ನೋಡಿಕೊಂಡ, ಬೇಲಿ ಕಟ್ಟಿದ, ಕರೆದವರ ಮನೆಗೆಲ್ಲ ಮೊದಲು ಹೋಗಿ ನಿಂತ. ಯಾರ ಮನೆಯ ಗುಂಡಿಯಾದರೂ ಸರಿ, ಗುದ್ದಲಿ ಹಿಡಿದವರಲ್ಲಿ ಅವನಿರುತ್ತಿದ್ದ. ಊರು ಅವನಿಗೆ ಅನ್ನ ನೀರು ನಿಲ್ಲಿಸಲಿಲ್ಲ, ಮಾತೂ ಬಿಡಲಿಲ್ಲ. ಆದರೆ ಒಂದು ಪ್ರಶ್ನೆ ಅವನನ್ನು ಬಿಡಲಿಲ್ಲ. ಕೊನೆಯಲ್ಲಿ ಅಕ್ಕ ತನ್ನನ್ನು ಕೇಳಿದಳೇ? ಉತ್ತರ ಗೊತ್ತಿದ್ದವಳು ಬೊನೊಲೊ ಒಬ್ಬಳೇ, ತಾಯಿಯ ಪಕ್ಕ ಕೂತಿದ್ದವಳು ಅವಳೇ. ಒಂದೇ ಅಂಗಳದಲ್ಲಿ ಓಡಾಡುತ್ತ ಅವನು ಅದನ್ನು ಕೇಳಲಾರದೆ ಹೋದ. ಅಕ್ಕ ಕೇಳಲಿಲ್ಲ ಅಂದರೂ ಸುಡುತ್ತದೆ, ಕೇಳಿದಳು ಅಂದರೂ ಸುಡುತ್ತದೆ. ಯಾವ ಬಾಯಿಂದ ಕೇಳುವುದು?

ಮರುವರ್ಷ ಸೂತಕದ ಬಟ್ಟೆ ತೆಗೆದ ಮೇಲೆ ಗಂಡಿನ ಕಡೆಯವರು ಹೇಳಿ ಕಳಿಸಿದರು. ಮಾವನ ಜಾಗಕ್ಕೆ ದೂರದ ನೆಂಟನೊಬ್ಬನನ್ನು ಕೂರಿಸಿ ಎಂದು ಕೆಲಪಿಲೆಯೇ ದೊಡ್ಡಪ್ಪನಿಗೆ ಹೇಳಿದ್ದ. ದೊಡ್ಡಪ್ಪ ಆಗಲಿ ಅನ್ನಲೂ ಇಲ್ಲ, ಬೇಡ ಅನ್ನಲೂ ಇಲ್ಲ. ಅವತ್ತು ಬೆಳಿಗ್ಗೆ ಬಂದವರು ಅಂಗಳದ ಆಚೆ ಟೊಪ್ಪಿ ತೆಗೆದು ನಿಂತು, ನೀರು ಕುಡಿಯಲು ಒಂದು ಸೋರೆಬುರುಡೆ ಕೇಳಲು ಬಂದಿದ್ದೇವೆ ಅಂದರು. ಹೆಣ್ಣು ಕೇಳುವುದು ಇಲ್ಲಿ ಹೀಗೆಯೇ. ಕೆಲಪಿಲೆ ದೊಡ್ಡಿಯ ಹಿಂದೆ ಸೌದೆ ಒಡೆಯುತ್ತ ಬಗ್ಗಿದ ತಲೆ ಎತ್ತಲಿಲ್ಲ.

ಬೊನೊಲೊ ಅಲ್ಲಿಗೇ ಬಂದಳು.

"ಮಾವ, ಏಳು. ಕಾಯ್ತಿದ್ದಾರೆ."

"ನಾನು ಬೇಡ ಕಣವ್ವ. ನನಗೆ ಆ ಯೋಗ್ಯತೆ ಇಲ್ಲ."

"ಯೋಗ್ಯತೆ ವಿಷಯ ಆಮೇಲೆ ನೋಡ್ಕೊಳ್ಳೋಣ. ಏಳು ಅಂದೆ." ದನಿ ಅವಳ ತಾಯಿಯದೇ.

ಕೊಡಲಿ ಅವನ ಕೈಯಿಂದ ಕೆಳಗೆ ಬಿತ್ತು. ಅಷ್ಟು ದಿನ ಒಳಗಿದ್ದ ಪ್ರಶ್ನೆ ಹೊರಗೆ ಬಂತು.

"ನಿಮ್ಮಮ್ಮ ನನ್ನ ಕೇಳಿದಳಾ?"

ಬೊನೊಲೊ ಬಿದ್ದ ಕೊಡಲಿಯನ್ನು ಎತ್ತಿ ಪಕ್ಕಕ್ಕಿಟ್ಟಳು. ಹೇಳಬಾರದು ಎಂದೇ ಇಷ್ಟು ದಿನ ಇದ್ದಳೋ ಏನೋ.

"ಕೇಳಿದಳು ಮಾವ. ನೀನು ಹೇಳಿ ಕಳಿಸಿದ್ದು ಬಂದಾಗ ರಮೊಸು ಅಜ್ಜ ಕೂಗಾಡಿದ್ರು. ಅಮ್ಮ ಬೈಬೇಡಿ ಅಂದಳು. ಅವನ ನಾಯಿ ಮರಿ ಹಾಕಿವೆ, ನೋಡ್ಕೊಂಡು ಬರ್ಲಿ ಬಿಡಿ ಅಂತ ನಕ್ಕಳು. ಆಮೇಲೆ ನನ್ನ ಕಡೆ ತಿರುಗಿ, ಹಂಗಾದ್ರೆ ನಾನು ಭಾನುವಾರದ ತನಕ ಇರ್ಬೇಕು, ನನಗೆ ಗಂಜಿ ಕೊಡೇ ಅಂದಳು. ಊಟ ಬಿಟ್ಟು ಎಷ್ಟೋ ದಿನ ಆಗಿತ್ತು. ಅವತ್ತು ಕೇಳಿ ತಿಂದಳು."

ಕೆಲಪಿಲೆ ಬಾಯಿಗೆ ಕೈ ಅಡ್ಡ ಹಿಡಿದುಕೊಂಡ.

"ಮಂಗಳವಾರವೂ ತಿಂದಳು," ಎಂದಳು ಬೊನೊಲೊ.

ಅಂಗಳದಿಂದ ಮತ್ತೆ ಕರೆದರು. ಬೊನೊಲೊ ಬಾಗಿ ಅವನ ಮಂಡಿಯ ಮೇಲಿನ ಸೌದೆ ಪುಡಿ ಒರೆಸಿದಳು. ಕೆಲಪಿಲೆ ಎದ್ದ, ಅಂಗಳಕ್ಕೆ ಹೋದ, ಮಾವನ ಕುರ್ಚಿಯಲ್ಲಿ ಕೂತ. ಹೆಣ್ಣು ಕೊಡುತ್ತೀರಾ ಎಂದು ಅವರು ಕೇಳಿದರು. ಅವನು ದೊಡ್ಡಪ್ಪನ ಮುಖ ನೋಡಿದ. ಮತ್ತೊಮ್ಮೆ ಕೇಳಬೇಕಾಯಿತು, ಆಗ ಕೊಡ್ತೀವಿ ಅಂದ.